ಇಪ್ಪತ್ತೆಂಟು ಇಂಚು

ಮಾರ್ಚ್ 3, ಸೋಮವಾರ. ಬೆಳಗ್ಗೆ 6.40

ಬಿಪಿ 142/90. ಏರಿದೆ. ದಿನಾ ಅಳೆದು ಬರೆದಿಡಿ ಅಂದಿದ್ದಾರೆ ಡಾಕ್ಟರು, ಬರೆದಿದ್ದೇನೆ. ಎರಡು ಅಂಕಿಗೆ ಇಷ್ಟು ದೊಡ್ಡ ಪುಟ! ಉಳಿದ ಜಾಗ ದಂಡವಾಗಬಾರದು ಅಂತ ಏನಾದರೂ ಗೀಚುವುದು ಅಭ್ಯಾಸವಾಗಿಬಿಟ್ಟಿದೆ.

ಗಾಡಿಯ ಟೈರು ಮುಗಿದವು. ನಿನ್ನೆ ಮೆಕ್ಯಾನಿಕ್ ನಾಲ್ಕಕ್ಕೂ ಬೆರಳಾಡಿಸಿ ತಲೆ ಅಲ್ಲಾಡಿಸಿದ. ಹೊಸ ಟೈರಿನಲ್ಲಿ ಗೀರಿನ ಆಳ ಎಂಟು ಮಿಲಿಮೀಟರ್, ನಮ್ಮದರಲ್ಲಿ ಎರಡು. ಐದು ಜನ ಓಡಾಡುವ ಗಾಡಿ, ತಿಂಗಳು ದಾಟಿಸಬೇಡಿ ಎಂದ. ಐದು ಜನ ಅಂದರೆ ನಾನು, ನನ್ನಾಕೆ, ಮಕ್ಕಳಿಬ್ಬರು, ಮತ್ತೆ ಅಕ್ಕ.

8.50, ಅಂಗಡಿಯಲ್ಲಿ

ಅಕ್ಕನನ್ನು ಅವಳ ಹೊಲಿಗೆ ಅಂಗಡಿಗೆ ಬಿಟ್ಟು ಬಂದೆ. ಗಿರಾಕಿ ಇಲ್ಲ. ಕನ್ನಡಕದ ಅಂಗಡಿಗೆ ಹತ್ತಕ್ಕೆ ಮುಂಚೆ ಯಾರು ಬರುತ್ತಾರೆ. ಕಣ್ಣು ಕಾಣಿಸುತ್ತಿಲ್ಲ ಅನ್ನುವುದು ಜನಕ್ಕೆ ಕಾಫಿ ಕುಡಿದ ಮೇಲೇ ಗೊತ್ತಾಗುವುದು.

ಅಕ್ಕ ಗಾಡಿ ಹತ್ತುವುದನ್ನು ಇವತ್ತು ಸರಿಯಾಗಿ ನೋಡಿದೆ. ಹತ್ತುವುದಲ್ಲ ಅದು, ಕೂರುವುದು. ಬಾಗಿಲು ತೆಗೆದು ಮುಂದಿನ ಸೀಟಿಗೆ ಬೆನ್ನು ಮಾಡಿ ನಿಲ್ಲುತ್ತಾಳೆ. ಒಂದು ಕೈ ಬಾಗಿಲ ಕಂಬದ ಹಿಡಿಗೆ. ಸೊಂಟ ಸೀಟಿನ ಅಂಚಿಗೆ ತಾಗಿದ್ದೇ ಸರಕ್ಕನೆ ಹಿಂದಕ್ಕೆ ಜರುಗುತ್ತಾಳೆ. ಆಮೇಲೆ ಮಂಡಿ ಮಡಚದ ಆ ಎಡಗಾಲನ್ನು, ಪ್ಯಾಂಟಿನ ಬಟ್ಟೆ ಹಿಡಿದು ಎತ್ತಿ, ಒಳಗಿಟ್ಟುಕೊಳ್ಳುತ್ತಾಳೆ. ಮೂರು ಸೆಕೆಂಡು. ಅಷ್ಟು ಅಚ್ಚುಕಟ್ಟಾಗಿ ನಾನು ಎರಡು ಕಾಲಿದ್ದೂ ಕೂರುವುದಿಲ್ಲ.

ನಾಲ್ಕನೇ ವಯಸ್ಸಿಗೆ ಜ್ವರ ಬಂದು ಹೋದ ಕಾಲು. ಈಗ ಅಕ್ಕನಿಗೆ ಐವತ್ತೆಂಟು. ನಡುವೆ ಯಾರ ಕೈಯನ್ನೂ ಹಿಡಿದವಳಲ್ಲ. ನಮ್ಮ ಮದುವೆಯಾದ ಹೊಸದರಲ್ಲಿ ನನ್ನಾಕೆ, ಪಾಪ, ಗೊತ್ತಿಲ್ಲದೆ ಮೆಟ್ಟಿಲ ಹತ್ತಿರ ಕೈ ಚಾಚಿದ್ದಳು. ಅಕ್ಕ ಆ ಕೈಗೆ ತನ್ನ ಚೀಲ ಕೊಟ್ಟು ಹತ್ತಿಹೋದಳು.

ಆರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕುವಾಗ ಹನ್ನೊಂದು ನೋಡಿದ್ದೆವು. ಹನ್ನೊಂದರಲ್ಲೂ ಅಕ್ಕ ಟೇಪು ಹಿಡಿದು ಮುಂದಿನ ಸೀಟಿನ ಹತ್ತಿರ ಏನೋ ಮಾಡುತ್ತಿದ್ದಳು. ಸೀಟಿಗೆ ಕವರು ಹೊಲಿಯುವ ಯೋಚನೆ ಇರಬೇಕು ಅಂದುಕೊಂಡೆ. ಹನ್ನೊಂದನೆಯದಕ್ಕೆ ‘ಇದಾಗ್ಬಹುದು’ ಅಂದಳು. ಕವರು ಮಾತ್ರ ಇವತ್ತಿಗೂ ಹೊಲಿದಿಲ್ಲ.

ಮಾರ್ಚ್ 5, ಬುಧವಾರ

ಬಿಪಿ 138/88.

ಸಂಜೆ ಭಾಮೈದ ಬಂದಿದ್ದ, ನನ್ನಾಕೆಯ ತಮ್ಮ. ಅವನದೂ ನಮ್ಮದೇ ಗಾಡಿ. ಅದೇ ಕಂಪನಿ, ಅದೇ ಮಾಡೆಲು. ಆದರೆ ಪಕ್ಕಪಕ್ಕ ನಿಲ್ಲಿಸಿದರೆ ನಮ್ಮದು ವಾರಗಟ್ಟಲೆ ಉಪವಾಸ ಇದ್ದ ಹಾಗೆ. ಕಾರಣ ಚಕ್ರ. ನಮ್ಮದು ಹದಿನೇಳು ಇಂಚಿನ ರಿಮ್ಮು, ಅವನದು ಹದಿನೆಂಟು. ಬೂದು ಬಣ್ಣದ ಅಲಾಯ್, ಐದು ಜೋಡಿ ಕಡ್ಡಿ, ಅಗಲವಾದ ಟೈರು. ಗಾಡಿ ಎದೆಯುಬ್ಬಿಸಿ ನಿಂತಿರುತ್ತದೆ.

ಈಗ ಅವನಿಗೆ ಇಪ್ಪತ್ತಿಂಚಿನ ಹುಚ್ಚು. ತನ್ನ ಹದಿನೆಂಟರ ಸೆಟ್ಟನ್ನು ನಾವೇ ಇಟ್ಟುಕೊಳ್ಳಬೇಕಂತೆ. ಟೈರು ಮೂರು ತಿಂಗಳೂ ಓಡಿಲ್ಲ. ನಮ್ಮ ಗಾಡಿಗೆ ನಟ್ಟು ಬೋಲ್ಟು ಎಲ್ಲ ಸರಿಯಾಗಿ ಕೂರುತ್ತದೆ. ಬಾಯಲ್ಲಿ ನೀರೂರಿತು, ಸುಳ್ಳು ಯಾಕೆ ಹೇಳಲಿ. ಐವತ್ತರ ಹತ್ತಿರ ಬಂದರೂ ಚಕ್ರ ಕಂಡರೆ ಕಣ್ಣರಳುತ್ತದೆ.

ತಮ್ಮ ಹೋದ ಮೇಲೆ ನನ್ನಾಕೆ ಒಂದೇ ಮಾತು ಹೇಳಿದಳು. “ನಿಮಗೆ ಯಾವುದು ಬೇಕೋ ಹಾಕಿಸಿ. ಅತ್ತಿಗೆಗೆ ಎತ್ತರ ಆಗ್ಬಾರ್ದು, ಅಷ್ಟೇ.”

ಸಿಟ್ಟು ಬಂತು. ಅಕ್ಕ ನನಗಾ, ಇವಳಿಗಾ? ನನಗೆ ಗೊತ್ತಿಲ್ಲವೇ? ಗೊತ್ತಿದ್ದೂ ನೆನಪಿಗೆ ಬಂದಿರಲಿಲ್ಲ ಅನ್ನುವುದಕ್ಕೇ ಸಿಟ್ಟು ಜಾಸ್ತಿ.

ಮಾರ್ಚ್ 6, ಗುರುವಾರ. ಮಧ್ಯಾಹ್ನ, ಅಂಗಡಿಯಲ್ಲಿ

ಬಿಪಿ 138/86.

ಲೆಕ್ಕ ಮಾಡಿದೆ. ಇಲ್ಲೇ ಬರೆದಿಡುತ್ತೇನೆ, ನಾಳೆ ಯಾರೂ ಕೇಳಬಾರದು.

ನಮ್ಮ ಟೈರಿನ ಬದಿಯಲ್ಲಿ ಬರೆದಿರುವುದು 235/65 R17. ಭಾಮೈದನದು 265/60 R18. ಇದನ್ನು ನೋಡಿ ಜನ ತಲೆ ಕೆರೆದುಕೊಳ್ಳುತ್ತಾರೆ. ನನಗೇನು ಹೆದರಿಕೆ? ಕನ್ನಡಕದ ಕಡ್ಡಿಯ ಒಳಗೆ 52-18-140 ಅಂತ ಇರುತ್ತದೆ. ಗಾಜಿನ ಅಗಲ 52, ಮೂಗಿನ ಮೇಲಿನ ಸೇತುವೆ 18, ಕಡ್ಡಿಯ ಉದ್ದ 140. ಎಲ್ಲ ಮಿಲಿಮೀಟರ್. ಇಪ್ಪತ್ತಾರು ವರ್ಷದಿಂದ ಇಂಥದ್ದನ್ನೇ ಓದಿಕೊಂಡು ಅನ್ನ ತಿಂದಿದ್ದೇನೆ.

ಟೈರೂ ಹಾಗೇ. ಮೊದಲನೆಯದು ಅಗಲ, ಎರಡನೆಯದು ರಬ್ಬರಿನ ಎತ್ತರ, ಕೊನೆಯದು ರಿಮ್ಮು. ರಿಮ್ಮು ಒಂದಿಂಚು ದೊಡ್ಡದಾದರೆ ಗಾಡಿ ನೆಲದಿಂದ ಏರುವುದು ಅರ್ಧ ಇಂಚು. ಅಂದರೆ 12.7 ಮಿಲಿಮೀಟರ್. ರಬ್ಬರು 65ರಿಂದ 60ಕ್ಕೆ ಇಳಿಯಿತು, ಐದು ಕಮ್ಮಿ. ಒಟ್ಟು ಏರಿಕೆ 7.7. ಒಂದು ಪೆನ್ಸಿಲ್ಲಿನ ದಪ್ಪ. ಪೆನ್ಸಿಲ್ಲಿನ ದಪ್ಪಕ್ಕೆ ಯಾರ ಸೊಂಟಕ್ಕೆ ಏನಾಗುತ್ತದೆ?

ರಾತ್ರಿ, ಮನೆಯಲ್ಲಿ. ಸಂಜೆ ನನ್ನಾಕೆಗೆ ಲೆಕ್ಕ ತೋರಿಸಿದೆ. ಸ್ವಲ್ಪ ಹೊತ್ತು ಅಂಕಿಗಳನ್ನೇ ನೋಡಿದಳು. ‘ನೀವು ಅಳತೆಯಲ್ಲಿ ತಪ್ಪೋರಲ್ಲ ಬಿಡಿ’ ಅಂದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಇಂಥ ಸರ್ಟಿಫಿಕೇಟು ಎರಡೋ ಮೂರೋ ಸಿಕ್ಕಿರಬಹುದು.

ಮಾರ್ಚ್ 8, ಶನಿವಾರ. ಸಂಜೆ

ಹಾಕಿಸಿಯಾಯಿತು! ಭಾಮೈದ ಅವನಿಗೆ ಗೊತ್ತಿರುವ ಕಡೆಯೇ ಕರೆದುಕೊಂಡು ಹೋದ. ಒಂದು ಗಂಟೆಯ ಕೆಲಸ. ಅಲ್ಲಿನವರೂ ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಹಳೆಯ ನಾಲ್ಕೂ ಶೆಡ್ಡಿನ ಮೂಲೆಯಲ್ಲಿ ಒಂದರ ಮೇಲೊಂದು ಕೂತಿವೆ.

ಗಾಡಿ ಅಂದರೆ ಗಾಡಿ ಈಗ. ಎದುರು ಮನೆಯವರು ಗೇಟಿನ ತನಕ ಬಂದು ನೋಡಿ ಹೋದರು. ಚಿಕ್ಕವಳು ರಿಮ್ಮಿನ ಕಡ್ಡಿ ಎಣಿಸಿದಳು. ದೊಡ್ಡವನು ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದ. ಅಕ್ಕ ಕಿಟಕಿಯಿಂದಲೇ ನೋಡಿ ‘ಚೆನ್ನಾಗಿದೆ ಕಣೋ’ ಅಂದಳು. ನಾನು ಎಷ್ಟು ಹೊತ್ತು ಅದರ ಮುಂದೆ ನಿಂತಿದ್ದೆನೋ… ಕಾಫಿ ಆರಿ ತಣ್ಣಗಾಗಿತ್ತು.

ಬಿಪಿ ಮರೆತೆ.

ಮಾರ್ಚ್ 10, ಸೋಮವಾರ

ಬಿಪಿ 134/86. ಇಳಿದಿದೆ. ಡಾಕ್ಟರಿಗೆ ಚಕ್ರದ ಔಷಧಿ ಹೇಳಬೇಕು.

ಎಂಟಕ್ಕೆ ಗಾಡಿ ಹೊರಗೆ ತೆಗೆದು ಹಾರನ್ ಮಾಡಿದರೆ ನನ್ನಾಕೆ ಬಂದು ಅತ್ತಿಗೆ ಏಳೂವರೆಗೇ ಹೊರಟರು ಅಂದಳು. ನಡೆದುಕೊಂಡು! ಡಾಕ್ಟರು ನಡೆಯಲು ಹೇಳಿದ್ದಾರಂತೆ. ಅವಳ ಅಂಗಡಿಗೆ ಒಂದೂವರೆ ಕಿಲೋಮೀಟರ್ ಇದೆ, ಕೊನೆಗೆ ಏರು ಬೇರೆ.

ಮಾರ್ಚ್ 11, ಮಂಗಳವಾರ

ಬಿಪಿ 136/86. ಅಕ್ಕ ಇವತ್ತೂ ನಡೆದೇ ಹೋದಳು. ಯಾವ ಡಾಕ್ಟರು ಅಂತ ಕೇಳಿದೆ. ‘ನಿನ್ನ ಡಾಕ್ಟರೇ’ ಅಂದಳು. ನನ್ನ ಡಾಕ್ಟರು ಇವಳನ್ನು ಯಾವಾಗ ನೋಡಿದರು?

ಮಾರ್ಚ್ 12

ಬಿಪಿ 137/88. ನಡೆದೇ.

ಮಾರ್ಚ್ 14, ಶುಕ್ರವಾರ. ಸಂಜೆ

ಬಿಪಿ 150/94.

ನನ್ನಾಕೆ ಇವತ್ತು ಬಾಯಿ ಬಿಟ್ಟಳು. ಭಾನುವಾರ ಸಂಜೆ, ಮಕ್ಕಳು ಆಡಲು ಹೋದ ಮೇಲೆ, ಅಕ್ಕ ಒಬ್ಬಳೇ ಶೆಡ್ಡಿಗೆ ಹೋಗಿದ್ದಳಂತೆ. ಬಾಗಿಲು ತೆಗೆದಳು. ಬೆನ್ನು ಮಾಡಿ ನಿಂತಳು. ಸೀಟಿನ ಅಂಚು ಸೊಂಟಕ್ಕಿಂತ ಮೇಲೆ. ಕೈಯಿಂದ ಎಳೆದುಕೊಂಡು ನೋಡಿದಳು, ಆಗಲಿಲ್ಲ. ಇನ್ನೊಂದು ಸಲ. ಮೂರನೆಯ ಸಲ ಅರ್ಧ ಕೂತು ಜಾರಿ, ಬಾಗಿಲನ್ನು ತಬ್ಬಿ ಹಿಡಿದು ನಿಂತಳು. ಆಮೇಲೆ ಕೈ ಒರೆಸಿಕೊಂಡು, ಸದ್ದಾಗದ ಹಾಗೆ ಬಾಗಿಲು ಮುಚ್ಚಿ, ಒಳಗೆ ಬಂದು ಯಾವ ತರಕಾರಿ ಹೆಚ್ಚಲಿ ಅಂತ ಕೇಳಿದಳು. ನನ್ನಾಕೆ ಅಡುಗೆಮನೆ ಕಿಟಕಿಯಿಂದ ಎಲ್ಲ ನೋಡಿದ್ದಳು. ಅಕ್ಕ ಈ ಕಡೆ ತಿರುಗಿದಾಗ ಬಗ್ಗಿಬಿಟ್ಟಳಂತೆ.

ಐದು ದಿನ ಸುಮ್ಮನಿದ್ದೆಯಾ ಅಂತ ಕೂಗಾಡಿದೆ. ಅವಳೂ ಬಿಡಲಿಲ್ಲ. “ಅತ್ತಿಗೆ ತಾವೇ ಹೇಳದೆ ಇದ್ದಿದ್ದನ್ನ ನಾನು ಹೇಳೋದಾ? ಇವತ್ತು ಅವರ ಪಾದ ಊದ್ಕೊಂಡಿದೆ. ಅದಕ್ಕೆ ಹೇಳ್ದೆ.”

ಪೆನ್ಸಿಲ್ಲಿನ ದಪ್ಪಕ್ಕೆ ಹೀಗಾಗಲು ಸಾಧ್ಯವೇ ಇಲ್ಲ. ಲೆಕ್ಕ ಮತ್ತೆ ಮಾಡಿದೆ. ಮೂರು ಸಲ. ಮೂರು ಸಲವೂ 7.7.

ಮಾರ್ಚ್ 15, ಶನಿವಾರ

ಬಿಪಿ 148/92.

ಬುದ್ಧಿವಂತಿಕೆ ಮಾಡಿದೆ. ಮಡಚುವ ಸ್ಟೂಲು ತಂದು, ಬೆಳಗ್ಗೆ ಗಾಡಿಯ ಬಾಗಿಲ ಬುಡದಲ್ಲಿ ಇಟ್ಟು ನಿಂತೆ. ಅಕ್ಕ ಏಳೂವರೆಗೆ ಹೊರಗೆ ಬಂದಳು. ಸ್ಟೂಲು ನೋಡಿದಳು. ನನ್ನನ್ನು ನೋಡಿದಳು. ಒಂದು ಕಾಲಿನಿಂದ ಅದನ್ನು ಅಲ್ಲಾಡಿಸಿ ‘ಗಟ್ಟಿ ಇದೆ ಕಣೋ’ ಅಂದು, ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಡೆದುಬಿಟ್ಟಳು. ಸಂಜೆ ಅವಳ ಅಂಗಡಿಗೆ ಹೋಗಿ ನೋಡಿದರೆ ಅದರ ಮೇಲೆ ದಾರದ ಡಬ್ಬಿಗಳು ಸಾಲಾಗಿ ಕೂತಿದ್ದವು.

ಹಳೆಯ ಚಕ್ರ ವಾಪಸು ಹಾಕಿಸೋಣವೆಂದರೆ ಅವು ಸವೆದು ಸಾಯುತ್ತಿವೆ. ಏನು ಮಾಡಲಿ?

ಮಾರ್ಚ್ 17, ಸೋಮವಾರ

ಬಿಪಿ ಬೆಳಗ್ಗೆ 146/92. ಈಗ ಎಷ್ಟಿದೆಯೋ, ನೋಡಲು ಧೈರ್ಯವಿಲ್ಲ.

ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಬಂದರು. ಹಿಂದಿನ ಬೀದಿಯ ಟೈರು ಅಂಗಡಿಯವರು. ಬೀದಿಯೆಲ್ಲ ‘ಟೈರಮ್ಮ’ ಅನ್ನುತ್ತದೆ, ಅವರೂ ಓಗೊಡುತ್ತಾರೆ. ನೀಲಿ ಕೋಟು, ಜೇಬಿನಲ್ಲಿ ಸೀಮೆಸುಣ್ಣ. ಟೈರಿನ ಮೇಲಿನ ಸಣ್ಣ ಅಕ್ಷರ ಈಚೆಗೆ ಕಾಣಿಸುತ್ತಿಲ್ಲವಂತೆ. ಯಾವ ವಾರ, ಯಾವ ವರ್ಷ ತಯಾರಾಗಿದ್ದು ಅಂತ ನಾಲ್ಕು ಅಂಕಿ ಇರುತ್ತದಂತೆ, ಅದನ್ನು ಓದದೆ ಒಂದು ಟೈರನ್ನೂ ಗಿರಾಕಿಗೆ ಕೊಡುವುದಿಲ್ಲ ಅಂದರು. ಆಗಲೇ ಈಕೆಯ ಮೇಲೆ ಗೌರವ ಬಂತು.

ಕಣ್ಣು ಪರೀಕ್ಷೆ ಮಾಡಿದೆ. ಸ್ಕೇಲು ಹಿಡಿದು ಎರಡು ಕಣ್ಣಿನ ಪಾಪೆಗಳ ನಡುವಿನ ದೂರ ಅಳೆದೆ, 61. ಅರ್ಧ ಮಿಲಿಮೀಟರ್ ತಪ್ಪಿದರೂ ತಲೆನೋವು ಬರುತ್ತದೆ ಅಂತ ಎಂದಿನ ಜಂಬದ ಮಾತು ಹೇಳಿದೆ. ಅವರು ಸ್ಕೇಲನ್ನು ಕೈಗೆ ತೆಗೆದುಕೊಂಡು ಗೆರೆಗಳನ್ನು ಪ್ರೀತಿಯಿಂದ ನೋಡಿದರು.

ಫ್ರೇಮು ಆರಿಸುವಾಗ ನನ್ನ ಗಾಡಿಯ ವಿಷಯ ತೆಗೆದೆ. ಮಕ್ಕಳು ಹಿಂದೆ ಕೂತಾಗ ನಾನು ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಚಕ್ರ ಎಲ್ಲೋ ಉಜ್ಜುತ್ತದೆ. ಅಕ್ಕನಿಗೆ ಕೂರಲು ಆಗುತ್ತಿಲ್ಲ. ಟೈರಮ್ಮ ಬೀದಿಗಿಳಿದರು. ಚಕ್ರ ನೋಡುತ್ತಾರೆ ಅಂದುಕೊಂಡರೆ ಮೊದಲು ಬಾಗಿಲು ತೆಗೆದು ಸೀಟು ನೋಡಿದರು. ಯಾರ್ಯಾರು ಕೂರುತ್ತಾರೆ, ಯಾರು ಎಲ್ಲಿ, ದಿನಾ ಕೂರುವವರು ಯಾರು ಎಂದು ಕೇಳಿದರು. ಇದನ್ನು ಕೇಳಿದವರು ಇವರೊಬ್ಬರೇ. ಆಮೇಲೆ ಈ ಸೈಜು ಹೇಗೆ ಆರಿಸಿದಿರಿ ಅಂದರು.

ಈ ಡೈರಿಯನ್ನೇ ತೆಗೆದು ಆರನೇ ತಾರೀಕಿನ ಪುಟ ತೋರಿಸಿದೆ. ಪರೀಕ್ಷೆಯ ಗಾಜು ಕಣ್ಣಿಗಿಟ್ಟುಕೊಂಡು ನಿಧಾನವಾಗಿ ಓದಿದರು.

“ಈ ಅರವತ್ತೈದು ಏನು ಸರ್?”

“ರಬ್ಬರಿನ ಎತ್ತರ. ಮಿಲಿಮೀಟರ್.”

ಟೈರಮ್ಮ ನನ್ನ ಕೈಯಲ್ಲಿದ್ದ ಅದೇ ಸ್ಕೇಲು ಕೇಳಿ ತೆಗೆದುಕೊಂಡು, ಕೂತು, ರಿಮ್ಮಿನ ಅಂಚಿನಿಂದ ಟೈರಿನ ಮೇಲೆ ನೆಟ್ಟಗೆ ಇಟ್ಟರು. ಅರವತ್ತು ಮಿಲಿಮೀಟರ್ ಅನ್ನುವ ಗೆರೆ ರಬ್ಬರಿನ ಅರ್ಧಕ್ಕೂ ಬರಲಿಲ್ಲ.

ಅದು ಮಿಲಿಮೀಟರ್ ಅಲ್ಲ. ನೂರಕ್ಕೆ ಇಷ್ಟು ಅಂತ. ಟೈರಿನ ಅಗಲದಲ್ಲಿ ನೂರಕ್ಕೆ ಅರವತ್ತು ಪಾಲು ಎತ್ತರ. ನಮ್ಮ ಹಳೆಯದು 235ರಲ್ಲಿ ನೂರಕ್ಕೆ ಅರವತ್ತೈದು, ಅಂದರೆ 152 ಮುಕ್ಕಾಲು. ಈ ಹೊಸದು 265ರಲ್ಲಿ ನೂರಕ್ಕೆ ಅರವತ್ತು, 159. ರಬ್ಬರು ಐದು ಇಳಿದಿಲ್ಲ, ಆರು ಏರಿದೆ. ರಿಮ್ಮಿನ ಅರ್ಧ ಇಂಚು ಸೇರಿ ಹತ್ತೊಂಬತ್ತು. ಹಳೆಯದರಲ್ಲಿ ಸವೆದುಹೋದ ಗೀರು ಇನ್ನೊಂದು ಆರು. ಒಟ್ಟು ಇಪ್ಪತ್ತೈದು. ಪೆನ್ಸಿಲ್ಲಲ್ಲ. ಒಂದಿಂಚು.

ದಿನಕ್ಕೆ ಇಪ್ಪತ್ತು ಸಲ ಕೈಯಲ್ಲಿ ಹಿಡಿಯುವ ಸ್ಕೇಲು. ಒಂದೇ ಒಂದು ಸಲ ಟೈರಿಗೆ ಇಟ್ಟು ನೋಡಿದ್ದರೆ ಸಾಕಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಟೈರಮ್ಮ ನಗಲಿಲ್ಲ. ನಿಮ್ಮ ಕಸುಬಿನ ಕಣ್ಣಲ್ಲಿ ಓದಿದ್ದೀರಿ ಅಂದರು, ಅಷ್ಟೇ. ಉಜ್ಜುವ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬಾರದಂತೆ. ಭಾನುವಾರ ಹಳೆಯ ಚಕ್ರ ಹಾಕಿಕೊಂಡು ನಾನೊಬ್ಬನೇ ನಿಧಾನವಾಗಿ ತರಬೇಕು, ಮನೆಯವರೆಲ್ಲ ಬೇರೆ ಬರಬೇಕು, ಅಕ್ಕನೂ ಬರಲೇಬೇಕು. ಅವಳು ಬರುವವಳಲ್ಲ ಅಂದೆ. “ಅಳತೆಗೆ ಒಬ್ರು ಬೇಕು ಅಂತ ಹೇಳಿ. ಅವರ ಟೇಪೇ ತರೋಕೆ ಹೇಳಿ,” ಅಂದರು.

ಮಾರ್ಚ್ 18

ಬಿಪಿ 146/90.

ಮಾರ್ಚ್ 20, ಗುರುವಾರ

ಬಿಪಿ 144/90.

ಇವತ್ತು ಬೆಳಗ್ಗೆ ಅಕ್ಕನಿಗೆ ಹೇಳಿದೆ. ಅವಳ ಮುಖ ನೋಡಿ ಹೇಳಲಾಗಲಿಲ್ಲ, ಹಾಲಿನ ಪಾತ್ರೆ ನೋಡಿಕೊಂಡು ಹೇಳಿದೆ. ನನ್ನ ಲೆಕ್ಕ ತಪ್ಪಿತ್ತು, ಗಾಡಿ ಇಪ್ಪತ್ತೈದು ಮಿಲಿಮೀಟರ್ ಏರಿದೆ ಅಂತ.

“ಒಂದಿಂಚು,” ಅಂದಳು.

ಅವಳಿಗೆ ಗೊತ್ತಿತ್ತು! ಶೆಡ್ಡಿಗೆ ಹೋದ ಆ ಭಾನುವಾರವೇ ಅಳೆದಿದ್ದಾಳೆ. ಯಾಕೆ ಹೇಳಲಿಲ್ಲ ಅಂದೆ. ಲೋಟ ತೊಳೆಯುತ್ತ ಹೇಳಿದಳು, “ಎಷ್ಟು ವರ್ಷ ಆಗಿತ್ತೋ ನೀನು ಹಾಗೆ ನಗ್ತಾ ನಿಂತಿದ್ದು ನೋಡಿ. ಕಾಫಿನೂ ಕುಡೀಲಿಲ್ಲ ಅವತ್ತು.”

ಅಂಗಡಿಗೆ ಬಂದು ಅರ್ಧ ಗಂಟೆ ಶಟರ್ ಎತ್ತಲಿಲ್ಲ. ಒಳಗೇ ಕೂತು ಅತ್ತೆ. ಬರೆದುಬಿಡುತ್ತೇನೆ, ಇದನ್ನು ಯಾರು ಓದುತ್ತಾರೆ.

ಮಾರ್ಚ್ 23, ಭಾನುವಾರ. ಸಂಜೆ

ಬಿಪಿ 136/86.

ಇವತ್ತಿನ ದಿನವನ್ನು ಪೂರ್ತಿ ಬರೆಯಬೇಕು, ಒಂದೂ ಬಿಡಬಾರದು.

ಭಾಮೈದನ ಸೆಟ್ಟು ಬಿಚ್ಚಿ, ಹಳೆಯ ಚಕ್ರ ಹಾಕಿಸಿಕೊಂಡು, ಹತ್ತಕ್ಕೆ ಟೈರಮ್ಮನ ಅಂಗಡಿ ಸೇರಿದೆ. ಉಳಿದವರು ಬಾಡಿಗೆ ಕಾರಿನಲ್ಲಿ ಬಂದರು. ಅಕ್ಕ ಟೇಪು ಕೊರಳಿಗೆ ಹಾಕಿಕೊಂಡು, ಅಳತೆ ಪುಸ್ತಕ ಚೀಲದಲ್ಲಿಟ್ಟುಕೊಂಡು, ಕೆಲಸಕ್ಕೆ ಬಂದವಳ ಹಾಗೇ ಇಳಿದಳು.

ಎಂಥ ಅಂಗಡಿ! ನೆಲದ ಮೇಲೆ ಒಂದು ಎಣ್ಣೆ ಕಲೆ ಇಲ್ಲ. ಉಪಕರಣಗಳ ಆಕಾರವನ್ನೇ ಗೋಡೆಯ ಮೇಲೆ ಬರೆದು ಮೊಳೆಗೆ ತೂಗು ಹಾಕಿದ್ದಾರೆ, ಯಾವುದು ಇಲ್ಲ ಅನ್ನುವುದು ಬಾಗಿಲಿನಿಂದಲೇ ಕಾಣುತ್ತದೆ. ಟೈರಮ್ಮ ಮೊದಲು ನಮ್ಮೆಲ್ಲರನ್ನೂ ಹಿಂದೆ ಮುಂದೆ ಕೂರಿಸಿ, ಸ್ಟೇರಿಂಗ್ ಆ ತುದಿಯಿಂದ ಈ ತುದಿಗೆ ತಿರುಗಿಸಲು ಹೇಳಿ, ಚಕ್ರದ ಮೇಲಿನ ಸಂದಿಗೆ ಬೆರಳಿಟ್ಟು ನೋಡಿದರು. ಆಮೇಲೆ ಎಲ್ಲರನ್ನೂ ಇಳಿಸಿದರು, ನನ್ನೊಬ್ಬನನ್ನು ಬಿಟ್ಟು. ಬೆಳಗ್ಗೆ ಅಕ್ಕ ಹತ್ತುವಾಗ ನಾನು ಒಳಗೆ ಕೂತಿರುತ್ತೇನಲ್ಲ, ನನ್ನ ತೂಕಕ್ಕೆ ಗಾಡಿ ಎಷ್ಟು ಕುಗ್ಗುತ್ತದೋ ಅದೂ ಲೆಕ್ಕಕ್ಕೆ ಬೇಕಂತೆ. ನನ್ನ ಹೊಟ್ಟೆಯಿಂದ ಈ ಮನೆಗೆ ಉಪಕಾರವಾಗಿದ್ದು ಇದೇ ಮೊದಲು ಅಂದಳು ನನ್ನಾಕೆ. ಮಕ್ಕಳು ಬಿದ್ದುಬಿದ್ದು ನಕ್ಕವು.

ಟೈರಮ್ಮ ಅಕ್ಕನ ಕಡೆ ತಿರುಗಿದರು. ಕೈ ಕೊಡಲಾ ಅನ್ನಲಿಲ್ಲ. ಪಾಪ ಅನ್ನಲಿಲ್ಲ.

“ಎಲ್ಲಿ ತಡೆಯುತ್ತೆ ಅಕ್ಕ?”

ಅಂಗಿ ತೊಡಿಸಿ ‘ಎಲ್ಲಿ ಹಿಡಿಯುತ್ತೆ’ ಅಂತ ಅಕ್ಕ ಗಿರಾಕಿಯನ್ನು ಕೇಳುವ ದನಿಯೇ ಅದು. ಈ ಕಾಲಿನ ಬಗ್ಗೆ ಅಕ್ಕ ಯಾರ ಹತ್ತಿರವೂ ಮಾತಾಡಿದ್ದು ನನಗೆ ನೆನಪಿಲ್ಲ. ಇವತ್ತು ಮಾತಾಡಿದಳು. ಸೊಂಟದ ಮೂಳೆಯ ಕೆಳಗೆ ಬೆರಳಿಟ್ಟು, ಸೀಟಿನ ಅಂಚು ಇಲ್ಲಿಗೆ ಬರಬೇಕು, ಕೆಳಗೆ ಹೋದರೆ ಏಳುವಾಗ ಕಷ್ಟ, ಮೇಲೆ ಹೋದರೆ ಜರುಗಲು ಆಗುವುದಿಲ್ಲ ಅಂದಳು. ನೆಲದಿಂದ ಇಪ್ಪತ್ತೆಂಟು ಇಂಚು. ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಹೆಚ್ಚಾದರೆ ಒದ್ದಾಡಿ ಕೂರುತ್ತಾಳೆ. ಎರಡು ನೂಲಾದರೆ ಆಗುವುದೇ ಇಲ್ಲ. ಹೇಳಿ, ಬೆನ್ನು ಮಾಡಿ ನಿಂತು, ಮೂರು ಸೆಕೆಂಡಿನಲ್ಲಿ ಕೂತು ತೋರಿಸಿದಳು. ಟೈರಮ್ಮ ಕಣ್ಣು ಮಿಟುಕಿಸದೆ ನೋಡಿ, ಇನ್ನೊಂದು ಸಲ ತೋರಿಸಿ ಅಂದರು. ಅಕ್ಕ ಇಳಿದು ಮತ್ತೆ ಕೂತಳು. ಕೆಲಸ ಬಲ್ಲವರು ಕೆಲಸ ಬಲ್ಲವರನ್ನು ನೋಡುವುದನ್ನು ಹತ್ತಿರದಿಂದ ನೋಡಿದೆ.

“ಅದೇ ಸೈಜಿನ ಹೊಸ ಟೈರು ಹಾಕಿದ್ರೂ ನಿಮಗೆ ಆಗ್ತಿರಲಿಲ್ಲ ಅಕ್ಕ,” ಅಂದರು ಟೈರಮ್ಮ. ಹೊಸ ಗೀರಿಗೇ ಆರು ಮಿಲಿಮೀಟರ್ ಏರುತ್ತದೆ. ಹೆಚ್ಚುಕಮ್ಮಿ ಎರಡು ನೂಲು.

ಆಗ ಅಕ್ಕ ಚೀಲದಿಂದ ಅಳತೆ ಪುಸ್ತಕ ತೆಗೆದಳು. ಗಿರಾಕಿಗಳ ತೋಳು, ಕೊರಳು, ಎದೆ ಬರೆದಿಡುವ ಆ ಹಳೆಯ ಉದ್ದ ಪುಸ್ತಕ. ಕೊನೆಯ ಪುಟಗಳು ಮನೆಯವರದು. ‘ತಮ್ಮ’ ಅಂತ ಒಂದು ಪುಟ, ನನ್ನ ಒಂಬತ್ತನೇ ವಯಸ್ಸಿನ ಶಾಲೆಯ ಅಂಗಿಯಿಂದ ಹಿಡಿದು ಹೋದ ವರ್ಷದ ಕೋಟಿನ ತನಕ. ಆಮೇಲೆ ನನ್ನಾಕೆ. ಮಕ್ಕಳು. ಅವರಾದ ಮೇಲೆ, ಅದೇ ಅಕ್ಷರದಲ್ಲಿ, ‘ಗಾಡಿ’. ತಾರೀಕಿನ ಸಮೇತ ವರ್ಷಕ್ಕೊಂದು ಸಾಲು. ಇಪ್ಪತ್ತೆಂಟು ಕಾಲು. ಇಪ್ಪತ್ತೆಂಟು ಕಾಲು. ಆಮೇಲೆ ಒಂದು ನೂಲು ಕಡಿಮೆ. ಈಚಿನ ಎರಡು ವರ್ಷ ಇಪ್ಪತ್ತೆಂಟು. ಕೊನೆಗೆ, ಈ ತಿಂಗಳ ಒಂಬತ್ತನೇ ತಾರೀಕು, ಇಪ್ಪತ್ತೊಂಬತ್ತು.

ಹನ್ನೊಂದು ಗಾಡಿಯಲ್ಲೂ ಅವಳು ಅಳೆಯುತ್ತಿದ್ದದ್ದು ಇದು. ಸೀಟಿನ ಕವರು ಅಂದುಕೊಂಡಿದ್ದೆನಲ್ಲ, ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಮೊದಲೆಲ್ಲ ಇಪ್ಪತ್ತೆಂಟು ಕಾಲಿಗೂ ಕೂರುತ್ತಿದ್ದಿರಲ್ಲ ಎಂದು ಟೈರಮ್ಮ ಕೇಳಿದರು. ಅಕ್ಕ ಮುಂದಿನ ಟೈರನ್ನು ಕೈಯಲ್ಲಿ ಸವರಿದಳು.

“ಕೂರ್ತಿದ್ದೆ. ಇದೂ ಸವೀತು, ನಾನೂ ಸವೆದೆ. ಹೇಗೋ ಸರಿಹೋಗ್ತಿತ್ತು.”

ನನ್ನಾಕೆ ಚಿಕ್ಕವಳ ಜಡೆ ಬಿಚ್ಚಿ ಮತ್ತೆ ಹಾಕತೊಡಗಿದಳು.

ಟೈರಮ್ಮ ನೆಲದ ಮೇಲೇ ಸೀಮೆಸುಣ್ಣದಿಂದ ಲೆಕ್ಕ ಬರೆದರು. 225/65 R17. ಹಳೆಯ ರಿಮ್ಮಿಗೇ ಕೂರುತ್ತದೆ. ನಮ್ಮದೇ ಗಾಡಿಯ ಕೆಳಗಿನ ಮಾಡೆಲಿಗೆ ಕಂಪನಿಯವರೇ ಹಾಕಿ ಕಳಿಸುವ ಸೈಜು, ಅಡ್ಡದಾರಿ ಅಲ್ಲ. ‘ನೀವೇ ಹೇಳಿ’ ಅಂತ ಸೀಮೆಸುಣ್ಣ ನನ್ನ ಕೈಗೆ ಕೊಟ್ಟರು. 225ರಲ್ಲಿ ನೂರಕ್ಕೆ ಅರವತ್ತೈದು… 146 ಕಾಲು. ಹಳೆಯದಕ್ಕಿಂತ ಆರೂವರೆ ಕಮ್ಮಿ. ಹೊಸ ಗೀರಿಗೆ ಆರು ಏರಿಕೆ. ಉಳಿದದ್ದು ಅರ್ಧ ಮಿಲಿಮೀಟರ್. ನನ್ನ ಅರ್ಧ ಮಿಲಿಮೀಟರ್!

ಅಷ್ಟಕ್ಕೇ ಬಿಡಲಿಲ್ಲ. ಬಾಗಿಲ ಕಂಬದ ಮೇಲಿನ ಚೀಟಿ ಓದಿಸಿದರು. ಟೈರು ಹೊರುವ ಭಾರದ ನಂಬರು 104 ಇರಬೇಕು ಅಂತಿದೆ. ಈ ಸೈಜಿನಲ್ಲಿ 102 ಸುಲಭವಾಗಿ ಸಿಗುತ್ತದೆ, 106 ತರಿಸಬೇಕು. ಐದು ಜನ, ಮೇಲೆ ಸಾಮಾನು, 102 ನಾನು ಹಾಕುವುದಿಲ್ಲ ಅಂದರು. ಬುಧವಾರ ಬರುತ್ತದೆ. ಸ್ಪೀಡಿನ ಮೀಟರು ಇದ್ದದ್ದಕ್ಕಿಂತ ಒಂದೆರಡು ಹೆಚ್ಚು ತೋರಿಸುತ್ತದಂತೆ, ಕಡಿಮೆ ತೋರಿಸಿದರೆ ತಪ್ಪು, ಹೆಚ್ಚಾದರೆ ಚಿಂತೆಯಿಲ್ಲ. ಅಲ್ಲಿಯವರೆಗೆ ಸವೆದ ಟೈರಿನಲ್ಲಿ ಓಡಾಡುವುದು ಬೇಡ ಅಂತ ಗಾಡಿಯನ್ನು ಅಲ್ಲೇ ಇರಿಸಿಕೊಂಡರು. ದೊಡ್ಡವನು ಬೂದು ಅಲಾಯ್ ಹೋಯಿತೆಂದು ಮುಖ ಊದಿಸಿಕೊಂಡಿದ್ದ. ನನಗೂ ಊದಿಸಿಕೊಳ್ಳಬೇಕು ಅನ್ನಿಸಿತು, ಒಂದೇ ಒಂದು ಕ್ಷಣ.

ಹೊರಡುವ ಹೊತ್ತಿಗೆ ನೋಡಿದರೆ ಅಳತೆ ಕೊಡುತ್ತ ನಿಂತಿದ್ದವರು ಟೈರಮ್ಮ. ಅವರ ನೀಲಿ ಕೋಟಿನ ಜೇಬು ಎರಡಿಂಚು ಕೆಳಗಿದೆ, ಬಗ್ಗಿದಾಗಲೆಲ್ಲ ಸೀಮೆಸುಣ್ಣ ಬೀಳುತ್ತಿದೆ ಅನ್ನುವುದನ್ನು ಅಕ್ಕ ಬಂದ ಗಳಿಗೆಯಲ್ಲೇ ನೋಡಿದ್ದಳಂತೆ. ಪುಸ್ತಕದಲ್ಲಿ ಹೊಸ ಪುಟ ತೆಗೆದಳು.

ನಾನು ಇಬ್ಬರನ್ನೂ ನೋಡುತ್ತ ನಿಂತೆ. ಬೂದು ಚಕ್ರದ ಮುಂದೆ ನಿಂತಿದ್ದಕ್ಕಿಂತ ಹೆಚ್ಚು ಹೊತ್ತು.

ಮಾರ್ಚ್ 26, ಬುಧವಾರ. ಸಂಜೆ

ಬಿಪಿ 134/84.

ಟೈರು ಬಂತು. ತಯಾರಾದ ವಾರದ ಅಂಕಿಯನ್ನು ನನ್ನಿಂದಲೇ ಓದಿಸಿದರು, ಅವರ ಕನ್ನಡಕ ನಾಳೆಗೆ. ನಟ್ಟುಗಳನ್ನು ಅಡ್ಡಡ್ಡ ಜೋಡಿಯಾಗಿ ಬಿಗಿದರು, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಂದು ಬಿಗಿಸಿಕೊಂಡು ಹೋಗಬೇಕು. ನನ್ನನ್ನು ಒಳಗೆ ಕೂರಿಸಿ ಟೇಪು ಹಿಡಿದರು. ನಾನು ಬಾಯಿ ತೆಗೆಯುವ ಮುಂಚೆ, “ಎಷ್ಟು ಅಂತ ಅಕ್ಕನಿಗೆ ನೀವು ಹೇಳ್ಬೇಡಿ. ಅವರೇ ಅಳೀಲಿ,” ಅಂದರು.

ಭಾಮೈದ ಸೆಟ್ಟು ವಾಪಸು ಒಯ್ದ. ಗಾಡಿ ಮತ್ತೆ ಸೊರಗಿತಲ್ಲ ಭಾವ ಅಂದ. ಸೊರಗಲಿ ಬಿಡು ಅಂದೆ. ನಿಜವಾಗಿಯೂ ಬೇಸರವಾಗಲಿಲ್ಲ.

ಅಕ್ಕ ಊಟದ ಹೊತ್ತಿಗೂ ಗಾಡಿಯ ಮಾತೆತ್ತಲಿಲ್ಲ. ನಾಳೆ ಏಳೂವರೆಗೆ ಹೊರಟುಬಿಟ್ಟರೆ?

ಮಾರ್ಚ್ 27, ಗುರುವಾರ. 8.05, ಗಾಡಿಯಲ್ಲಿ

ಬಿಪಿ ನೋಡಲಿಲ್ಲ. ಸ್ಟೇರಿಂಗ್ ಮೇಲೆ ಡೈರಿ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಏಳೂವರೆ ಆಯಿತು, ಅಕ್ಕ ಹೊರಡಲಿಲ್ಲ. ಎಂಟಾಯಿತು, ಇನ್ನೂ ಒಳಗಿದ್ದಾಳೆ.

ಇಳಿದು ನಿಲ್ಲುವುದಿಲ್ಲ. ಬಾಗಿಲು ತೆಗೆದುಕೊಡುವುದಿಲ್ಲ. ತಲೆ ಎತ್ತುವುದೂ ಇಲ್ಲ. ನಾನು ನೋಡುತ್ತಿದ್ದೇನೆ ಅಂತ ಗೊತ್ತಾದರೆ ಹೀಗೇ ನಡೆದು ಹೋಗಿಬಿಟ್ಟಾಳು.

ಗೇಟಿನ ಸದ್ದು. ಬಂದಳು. ಬಾಗಿಲು ತೆಗೆದಳು. ಟೇಪು ಬಿಚ್ಚಿಕೊಳ್ಳುವ ಸದ್ದು… ಅಳೆಯಲಿ. ನಾನು ಬರೆಯುತ್ತಲೇ ಇರುತ್ತೇನೆ. ಟೈರಮ್ಮನ ಲೆನ್ಸು ಬಂದಿದೆ, ಇವತ್ತು ಫ್ರೇಮಿಗೆ ಕೂರಿಸಬೇಕು, ನಡುವಿನ ದೂರ 61, ಬರೆದಿದ್ದೇನೆ ಅಂತ ನಂಬಬಾರದು, ಅವರು ಬಂದ ಮೇಲೆ ಇನ್ನೊಂದು ಸಲ ಸ್ಕೇಲಿಟ್ಟು

ಪುಟದ ಮೇಲೆ ಅಳತೆ ಪುಸ್ತಕ ಬಂದು ಬಿತ್ತು. ‘ಗಾಡಿ’ ಪುಟ. ಕೊನೆಯ ಸಾಲಿನ ಶಾಯಿ ಇನ್ನೂ ಹಸಿ. ಇಪ್ಪತ್ತೆಂಟು.

ಅಕ್ಕ ಪಕ್ಕದ ಸೀಟಿನಲ್ಲಿದ್ದಾಳೆ. ಬೆಲ್ಟೂ ಹಾಕಿಯಾಗಿದೆ. ಯಾವಾಗ ಕೂತಳು? ನಾನು ನೋಡಲೇ ಇಲ್ಲ.

“ಬರೀತಾ ಕೂತ್ರೆ ಅಂಗಡಿ ಯಾರು ತೆಗೀತಾರೋ? ನಡಿ,” ಅನ್ನುತ್ತಿದ್ದಾಳೆ. ಬಿಪಿ ಸಂಜೆ ನೋ